ಪೆದ್ದಮೇಡ ಖಾಲಿಯಾದ ಬಗೆ

ಗವರ್ನರ್‌ಪೇಟೆಯ ಆ ಕಟ್ಟಡದೊಳಗೆ ನಾನು ಮೊದಲ ಸಲ ಕಾಲಿಟ್ಟದ್ದು ಅದನ್ನು ಉಳಿಸುವ ಕೆಲಸಕ್ಕೆ. ಹಾಗೆಂದು ಹೇಳಿ ಕಳಿಸಿದವರು ನಾನಿದ್ದ ಇಂಜಿನಿಯರಿಂಗ್ ಕಚೇರಿಯ ಒಡೆಯರು, ನಮ್ಮ ಸಾರ್. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಹುಬ್ಬಳ್ಳಿಯಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿ, ಮದುವೆಯಾಗಿ ವಿಜಯವಾಡಕ್ಕೆ ಬಂದ ನನ್ನಂಥ ಹೆಂಗಸಿಗೆ ಊರಿನ ಯಾವ ಕಚೇರಿಯೂ ಸೈಟಿನ ಕೆಲಸ ಕೊಡಲು ತಯಾರಿರಲಿಲ್ಲ. ಸಾರ್ ಕೊಟ್ಟರು. ಅವರು ಬಳ್ಳಾರಿ ಕಡೆಯ ಮನೆತನದವರು. ಅಜ್ಜನ ಕಾಲಕ್ಕೇ ಇಲ್ಲಿ ನೆಲೆಸಿದವರು, ಹೆಂಡತಿ ಗುಂಟೂರಿನವರು. ಅವರ ಮಕ್ಕಳಿಗೆ ಕನ್ನಡ ಅರ್ಥವಾಗುತ್ತಿತ್ತೇ ಹೊರತು ಆಡಲು ನಾಲಗೆ ಹೊರಳುತ್ತಿರಲಿಲ್ಲ. ಹೀಗಾಗಿ ಕಚೇರಿಯಲ್ಲಿ ಕನ್ನಡ ಆಡಲು ಅವರಿಗೆ ನಾನೊಬ್ಬಳು, ನನಗೆ ಅವರೊಬ್ಬರು. ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಒಳಗಿನ ಟೊಳ್ಳು ಕೇಳಿಸಿಕೊಳ್ಳುವುದನ್ನು ಕಲಿಸಿದವರು ಅವರೇ.

ಕಟ್ಟಡವನ್ನು ಜನ ಕರೆಯುತ್ತಿದ್ದದ್ದು ಪೆದ್ದಮೇಡ ಎಂದು. ದೊಡ್ಡ ಮಹಡಿಮನೆ ಎಂದು ಅರ್ಥ. ಕನ್ನಡದ ಕಿವಿಗೆ ಪೆದ್ದ ಎಂದರೆ ಬೇರೆಯೇ. ಮೊದಲ ದಿನ ಅದನ್ನು ಹೇಳಿಕೊಂಡು ನಾವಿಬ್ಬರೂ ನಕ್ಕಿದ್ದೆವು.

ಕಾಲುವೆಯಲ್ಲಿ ದೋಣಿ ಮೇಲೆ ಭತ್ತ ಬರುತ್ತಿದ್ದ ಕಾಲದಲ್ಲಿ ಒಬ್ಬ ವ್ಯಾಪಾರಿ ಕಟ್ಟಿಸಿದ ಮೂರಂತಸ್ತಿನ ಕಟ್ಟಡ ಅದು. ಸುಣ್ಣದ ಗಾರೆ, ದಪ್ಪ ಇಟ್ಟಿಗೆ ಗೋಡೆ, ತೇಗದ ತೊಲೆಗಳ ಮೇಲೆ ನಿಲ್ಲಿಸಿದ ಇಟ್ಟಿಗೆಯ ತಾರಸಿ. ಕೆಳಗಿನ ಜಗಲಿಯಲ್ಲಿ ಭತ್ತದ ದಲ್ಲಾಳಿಗಳು ಕೂತರು. ಅವರ ಮೂಟೆ ಸಾಗಿಸಲು ಲಾರಿ ಬುಕಿಂಗ್‌ನವರು ಬಂದರು. ಲಾರಿಗೆ ವಿಮೆ ಬೇಕಾಯಿತು, ವಿಮೆಯವರು ಮೊದಲ ಮಹಡಿ ಹಿಡಿದರು. ದುಡ್ಡು ಓಡಾಡಿದ ಕಡೆ ಬ್ಯಾಂಕು, ಬ್ಯಾಂಕು ಇದ್ದ ಕಡೆ ವಕೀಲರು, ಆಮೇಲೆ ಸಿನಿಮಾ ಹಂಚಿಕೆದಾರರು. ಅವರೆಲ್ಲರಿಗೂ ಗುಮಾಸ್ತರು ಬೇಕಾದಾಗ ಮೇಲಿನ ಮಹಡಿಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ಮೇಲೆ ಕಲಿತವರು ಕೆಳಗಿಳಿದು ಕೆಲಸಕ್ಕೆ ಸೇರುತ್ತಿದ್ದರು. ದೊಡ್ಡದಾದ ಬ್ಯಾಂಕು ಆಮೇಲೆ ರಸ್ತೆಯಾಚೆ ಸ್ವಂತ ಕಟ್ಟಡ ಕಟ್ಟಿಕೊಂಡಿತು. ಲಾರಿಯವರು ಬೆಳೆದು ಊರ ಹೊರಗೆ ಹೋದರು, ಅವರ ಹಿಂದೆ ಊರೂ ಹೋಯಿತು. ವಿಜಯವಾಡ ಬೆಳೆದದ್ದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಆ ಮೆಟ್ಟಿಲುಗಳನ್ನೇ ತೋರಿಸುತ್ತಿದ್ದೆ.

ಈಗ ಅದರ ಹಿಂಗೋಡೆಯಲ್ಲಿ ಬಿರುಕು ಬಿಟ್ಟಿತ್ತು. ಕಟ್ಟಡ ಆ ವ್ಯಾಪಾರಿಯ ವಾರಸುದಾರರ ಟ್ರಸ್ಟಿನದು. ಬಿರುಕಿಗೆ ಕಾರಣ ಹುಡುಕಿ, ದುರಸ್ತಿ ಹೇಗೆಂದು ಹೇಳಿ ಎಂದು ಅವರು ನಮ್ಮ ಕಚೇರಿಗೆ ಒಪ್ಪಿಸಿದ್ದರು. "ಇದು ನಿನ್ನ ಕೆಲಸಮ್ಮ. ನಾನು ಕೈ ಹಾಕಲ್ಲ. ನಿನ್ನ ಹೆಸರಿನ ಮೇಲೇ ಆಗಲಿ" ಎಂದರು ಸಾರ್. ಅಂದು ಮನೆಗೆ ಹೋಗುವಾಗ ನಾನು ಗಂಡನಿಗೆ ಇಷ್ಟವಾದ ಮಿಠಾಯಿ ಕೊಂಡು ಹೋದೆ.

ಬಿರುಕು ಸತ್ತಿದೆಯೋ ಜೀವಂತ ಇದೆಯೋ ಎಂದು ಮೊದಲು ತಿಳಿಯಬೇಕು. ಸತ್ತ ಬಿರುಕನ್ನು ತುಂಬಿಬಿಟ್ಟರೆ ಮುಗಿಯಿತು. ಜೀವಂತ ಬಿರುಕನ್ನು ತುಂಬಿದರೆ ಅದು ಪಕ್ಕದಲ್ಲಿ ಇನ್ನೊಂದು ಬಾಯಿ ತೆಗೆಯುತ್ತದೆ. ಅದಕ್ಕಾಗಿ ಬಿರುಕಿನ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಇಟ್ಟು ಎರಡು ತುದಿಗೂ ಪ್ಲಾಸ್ಟರ್ ಹಚ್ಚುತ್ತೇವೆ. ಗೋಡೆ ಕೂದಲೆಳೆಯಷ್ಟು ಅಲುಗಿದರೂ ಗಾಜು ಚಟ್ಟೆಂದು ಸೀಳುತ್ತದೆ. ಹಿಂಗೋಡೆಯ ಉದ್ದಕ್ಕೂ ಪಟ್ಟಿ ಕೂರಿಸಿದೆ. ತಾರಸಿಯಿಂದ ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟು ಗೋಡೆ ಎಷ್ಟು ವಾಲಿದೆ ನೋಡಿದೆ. ಪಾಯದ ಪಕ್ಕ ಗುಂಡಿ ತೋಡಿಸಿದಾಗ ಕೆಳಗೆ ಸಿಕ್ಕದ್ದು ಎರೆಮಣ್ಣು. ಧಾರವಾಡದವಳಿಗೆ ಎರೆಮಣ್ಣನ್ನು ಯಾರೂ ಪರಿಚಯಿಸಬೇಕಿಲ್ಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಮೊಣಕಾಲು ಹೋಗುವಷ್ಟು ಬಾಯಿ ಬಿಡುತ್ತದೆ. ಕಾಲುವೆಯ ತೇವದಲ್ಲಿ ಅಷ್ಟು ವರ್ಷ ತಣ್ಣಗೆ ಮಲಗಿದ್ದ ಆ ಮಣ್ಣು ಈಗ ಹಿಂಭಾಗದಲ್ಲಿ ಮಾತ್ರ ಒಣಗುತ್ತಿತ್ತು.

ಕಾರಣ ಹುಡುಕಲು ದೂರ ಹೋಗಬೇಕಾಗಲಿಲ್ಲ. ಹಿಂದಿನ ಹಳೆಯ ಗೋದಾಮು ಕೆಡವಿ ಶಾಪಿಂಗ್ ಕಾಂಪ್ಲೆಕ್ಸಿಗೆ ಪಾಯ ತೆಗೆಯುತ್ತಿದ್ದರು. ಕೆಳಗೆ ಸೆಲ್ಲಾರ್, ಅಂದರೆ ನೆಲಮಾಳಿಗೆ, ಬೇಕೆಂದು ಆಳವಾಗಿ ತೋಡಿದ್ದರು. ಗುಂಡಿಗೆ ನೀರು ಬರದಂತೆ ಡೀಸೆಲ್ ಪಂಪು ಹಗಲಿಡೀ ಓಡುತ್ತಿತ್ತು. ಪೆದ್ದಮೇಡದ ಅಂಗಳದಲ್ಲಿ ಒಂದು ಬಾವಿ ಇತ್ತು. ಹಗ್ಗಕ್ಕೆ ಕಲ್ಲು ಕಟ್ಟಿ ದಿನವೂ ಅದರ ನೀರಿನ ಮಟ್ಟ ನೋಡತೊಡಗಿದೆ. ಪಂಪು ಓಡಿದ ಹಾಗೆ ಬಾವಿ ಇಳಿಯುತ್ತಿತ್ತು, ಬಾವಿ ಇಳಿದ ಹಾಗೆ ಗಾಜು ಸೀಳುತ್ತಿತ್ತು.

ಸಾರ್‌ಗೆ ಹೇಳಿದೆ. ಅವರು ತಾವೇ ಬಂದು ಬಾವಿಗೆ ಬಗ್ಗಿ ನೋಡಿದರು. "ಕರೆಕ್ಟಮ್ಮ. ನಿನ್ನ ಕಣ್ಣು ಸೂಕ್ಷ್ಮ" ಎಂದರು. ಅಲ್ಲಿಂದಲೇ ಪಕ್ಕದ ಸೈಟಿಗೆ ನಡೆದು ಕಾಂಟ್ರಾಕ್ಟರನ್ನು ಕರೆಸಿ ಗದರಿದರು. ಪಂಪು ನಿಂತಿತು. ಬಾವಿಯ ನೀರು ಏರತೊಡಗಿತು.

ಮೇಲಿನ ಮಹಡಿಯ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದವರು ವಯಸ್ಸಾದ ಒಬ್ಬ ವಿಧವೆ. ಕಲಿಸುವ ಹೆಂಗಸಿಗೆ ತೆಲುಗಿನಲ್ಲಿ ಪಂತುಲಮ್ಮ ಎನ್ನುತ್ತಾರೆ. ಗೌರವದ ‘ಗಾರು’ ಸೇರಿ ಇಡೀ ಕಟ್ಟಡಕ್ಕೆ ಅವರು ಪಂತುಲಮ್ಮಗಾರು. ನಾನು ಗಾಜು ನೋಡಲು ಮೇಲೆ ಹೋದಾಗಲೆಲ್ಲ ಮಜ್ಜಿಗೆ ಕೊಡುತ್ತಿದ್ದರು. ನನ್ನ ತೆಲುಗಿನಲ್ಲಿ ತಪ್ಪು ಬಂದರೆ, ಮಾತಿನ ಕೊನೆಗೆ ಗೌರವದ ‘ಅಂಡಿ’ ಬಿಟ್ಟರೆ, ತಿದ್ದುತ್ತಿದ್ದರು. ಪಂಪು ನಿಂತ ವಾರ ಅವರು ಕೇಳಿದರು.

"ಅಮ್ಮಾಯಿ, ನೇರವಾಗಿ ಹೇಳು. ನಾನು ಬೇರೆ ಜಾಗ ನೋಡಿಕೊಳ್ಳಬೇಕಾ? ಇಷ್ಟು ಮೆಷಿನ್ ಇಟ್ಟುಕೊಂಡು ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗಲಿ?"

"ಬೇಡ ಅಂಡಿ. ಪಂಪು ನಿಂತಿದೆ. ಕೆಳಗೆ ಪಾಯ ಗಟ್ಟಿ ಮಾಡಿದರೆ ಇನ್ನೊಂದು ತಲೆಮಾರು ನಿಲ್ಲುತ್ತೆ. ನಮ್ಮ ಸಾರ್ ಮುಂದೆ ನಿಂತು ಮಾಡಿಸ್ತಾರೆ."

"ನಿಮ್ಮ ಸಾರ್ ವಿಷಯ ಇರಲಿ. ನೀನು ಹೇಳ್ತೀಯಾ?"

"ನಾನೇ ಹೇಳ್ತಿದೀನಿ."

ಅವರು ತಲೆಯಾಡಿಸಿದರು.

ಆಮೇಲಿನ ವಾರಗಳನ್ನು ನಾನು ಡ್ರಾಯಿಂಗ್ ಬೋರ್ಡಿನ ಮುಂದೆ ಕಳೆದೆ. ಹಳೆಯ ಪಾಯದ ಕೆಳಗೆ ಹೊಸ ಪಾಯ ಕೊಡುವುದು ತಾಳ್ಮೆಯ ಕೆಲಸ. ಗೋಡೆಯುದ್ದಕ್ಕೂ ಒಮ್ಮೆಗೇ ತೋಡುವಂತಿಲ್ಲ. ಒಂದು ತುಂಡು ತೋಡಿ, ಕಾಂಕ್ರೀಟ್ ತುಂಬಿ, ಅದು ಗಟ್ಟಿಯಾದ ಮೇಲೆ ಒಂದಷ್ಟು ಬಿಟ್ಟು ಮತ್ತೊಂದು ತುಂಡು. ಯಾವುದರ ನಂತರ ಯಾವುದು ಎಂದು ಗೋಡೆಯ ಮೇಲೇ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಬಿರುಕುಗಳಿಗೆ ಸಿಮೆಂಟ್ ಬೇಡ, ಹಳೆಯ ಗಾರೆಗೆ ಅದು ಒಗ್ಗುವುದಿಲ್ಲ ಎಂದು ಸುಣ್ಣ ನೆನೆಹಾಕಿಸಿ ಇಟ್ಟಿಗೆಪುಡಿ ಬೆರೆಸಿ ನೋಡಿದೆ. ಇಷ್ಟು ಖುಷಿಯಿಂದ ಕೆಲಸ ಮಾಡಿದ್ದು ಅದಕ್ಕೆ ಮುಂಚೆ ಇರಲಿಲ್ಲ.

ಆಗ ಮತ್ತೆ ಗಾಜು ಸೀಳಿತು.

ಹಿಂಭಾಗದ ಮೂಲೆಯದು. ಬದಲಿಸಿದೆ, ಅದೂ ಸೀಳಿತು. ಬಾವಿಗೆ ಹಗ್ಗ ಬಿಟ್ಟರೆ ನೀರು ಇಳಿದಿತ್ತು. ಪಕ್ಕದ ಸೈಟಿಗೆ ಹೋಗಿ ನೋಡಿದರೆ ಪಂಪು ತಣ್ಣಗೆ ಕೂತಿತ್ತು, ಮೇಲೆ ತಾಡಪಾಲು ಹೊದಿಸಿದ್ದರು.

ಸಾರ್ ನನ್ನ ಮಾತು ಕೇಳಿದರು. "ಭಾರ ಇರಬೇಕಮ್ಮ. ಆ ಮೂಲೆಗೆ ಸೀರೆ ಗೋದಾಮು ಐತಲ್ಲ, ಬೇಲು ಎಷ್ಟು ಒಟ್ಟ್ಯಾರೆ ನೋಡಿದ್ಯಾ?" ಎಂದರು. ನೆಲಮಹಡಿಯ ಹಿಂಭಾಗದಲ್ಲಿ ಮಂಗಳಗಿರಿ ಸೀರೆಗಳ ಸಗಟು ವ್ಯಾಪಾರಿಯೊಬ್ಬರು ಬೇಲುಗಟ್ಟಲೆ, ಬಿಗಿದ ಗಂಟುಗಟ್ಟಲೆ, ದಾಸ್ತಾನು ಇಟ್ಟಿದ್ದರು. ನೆಲದ ಮೇಲಿನ ಭಾರ ಗೋಡೆಯನ್ನು ಹೀಗೆ ಸೀಳುತ್ತದೆಯೇ ಎಂಬ ಅನುಮಾನ ನನಗೆ ಬಂದದ್ದು ನಿಜ. ಆದರೂ ಸಾರ್ ಹೇಳಿದ್ದರು. ವ್ಯಾಪಾರಿಯನ್ನು ಒಪ್ಪಿಸಿದೆ. ಅವರು ಹಬ್ಬದ ವ್ಯಾಪಾರದ ಮಧ್ಯೆ ಕೂಲಿಗಳನ್ನು ಕರೆಸಿ ಬೇಲುಗಳನ್ನೆಲ್ಲ ಮುಂಭಾಗಕ್ಕೆ ಹೊರಿಸಿದರು. ಗಾಜು ಮತ್ತೆ ಸೀಳಿತು. "ಪರವಾಗಿಲ್ಲಮ್ಮಾ, ನೋಡಿದ ಹಾಗಾಯಿತು" ಎಂದರು ಆ ವ್ಯಾಪಾರಿ, ನನ್ನ ಮುಖ ನೋಡದೆ.

ಒಂದು ಭಾನುವಾರ ಮಧ್ಯಾಹ್ನ ಸಾಮಾನು ಕೊಳ್ಳಲು ಗವರ್ನರ್‌ಪೇಟೆಗೆ ಹೋದವಳು ಮನಸ್ಸು ತಡೆಯದೆ ಪೆದ್ದಮೇಡದ ಕಡೆ ತಿರುಗಿದೆ. ಅಲ್ಲಿನ ಅಂಗಡಿ, ಕಚೇರಿಗಳು ಮುಚ್ಚಿದ್ದವು. ಬಾವಿಕಟ್ಟೆಯ ಮೇಲೆ ಕೈಯೂರಿ ನಿಂತಾಗ ಕಲ್ಲಿನ ಸಣ್ಣ ಅದುರು ಅಂಗೈಗೆ ಗೊತ್ತಾಯಿತು. ವಾರದ ದಿನಗಳಲ್ಲಿ ಆಟೋಗಳ ಗದ್ದಲದಲ್ಲಿ ಅದು ತಿಳಿಯುವ ಹಾಗಿರಲಿಲ್ಲ. ಸುತ್ತಿ ಹಿಂದಿನ ಗಲ್ಲಿಗೆ ಹೋದೆ. ಸೈಟಿನ ತಗಡಿನ ಬೇಲಿಯ ಕೆಳಗಿಂದ ಹೊಸ ಪೈಪು ಹೊರಬಂದು ಮೋರಿಗೆ ನೀರು ಸುರಿಯುತ್ತಿತ್ತು. ತಗಡು ಸರಿಸಿ ಒಳಗೆ ನೋಡಿದೆ. ತಾಡಪಾಲು ಹೊದ್ದ ಹಳೆಯ ಪಂಪು ತನ್ನ ಜಾಗದಲ್ಲೇ ಇತ್ತು. ಗುಂಡಿಯ ಈಚೆ ಬದಿಯಲ್ಲಿ, ಪೆದ್ದಮೇಡದ ಗೋಡೆಗೆ ಇನ್ನೂ ಹತ್ತಿರ, ಬೇರೊಂದು ಪಂಪು ಓಡುತ್ತಿತ್ತು.

ಅದರ ಪಕ್ಕ ನೆರಳಲ್ಲಿ ಸೈಟಿನ ಸೂಪರ್‌ವೈಸರ್ ಕೂತಿದ್ದ. ನನ್ನನ್ನು ನಮ್ಮ ಕಚೇರಿಯವಳೆಂದು ಗುರುತಿಸಿ ಎದ್ದು ನಿಂತ. ಹೆದರಿದ ಹಾಗೇನೂ ಕಾಣಲಿಲ್ಲ.

"ಸಾರ್ ಕಳಿಸಿದರಾ ಮೇಡಂ? ಅವರು ಹೇಳಿದಂತೆಯೇ ನಡೆಸ್ತಾ ಇದೀವಿ. ಆಫೀಸುಗಳು ಮುಚ್ಚಿದ ಮೇಲೆ, ಭಾನುವಾರ ಪೂರ್ತಿ. ನೀರು ಹಿಂದಿನ ಗಲ್ಲಿಗೇ ಬಿಡ್ತಿದೀವಿ."

"ಯಾವ ಸಾರ್?"

ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ನಿಮ್ಮ ಸಾರೇ ಮೇಡಂ. ಈ ಸೆಲ್ಲಾರ್ ಡಿಸೈನು ಅವರದೇ ಅಲ್ವಾ?"

ಕೈಯಲ್ಲಿದ್ದ ಚೀಲವನ್ನು ಬಾವಿಕಟ್ಟೆಯ ಮೇಲೆ ಬಿಟ್ಟು ಬಂದದ್ದು ನೆನಪಾಯಿತು. ಹೋಗಿ ಅದನ್ನು ತೆಗೆದುಕೊಂಡು ಮನೆಗೆ ಹೋದೆ. ಗಂಡನಿಗೆ ಹೇಳಲು ಬಾಯಿ ತೆಗೆದರೆ ಮೊದಲು ಬಂದ ಮಾತು "ಅವರು ಕನ್ನಡದವರ್ರೀ" ಎಂಬುದು. ಅದು ಎಷ್ಟು ಅಪ್ರಬುದ್ಧ ಮಾತು ಎಂದು ಆಡಿದ ಮೇಲೆ ನನಗೇ ಅನ್ನಿಸಿತು. ಗಂಡ ನಗಲಿಲ್ಲ.

ಸೋಮವಾರ ಸಾರ್ ಕೋಣೆಗೆ ಹೋದೆ.

"ಸರ್, ಹಿಂದಿನ ಗಲ್ಲಿಯೊಳಗ ಪಂಪು ನಡದದ್ರಿ. ನೀವ ನಡಸ್ರಿ ಅಂದೀರಂತ."

ಅವರು ಅಲ್ಲಗಳೆಯಲಿಲ್ಲ. ಕನ್ನಡಕ ತೆಗೆದು ಒರೆಸಿದರು. "ಕೂತ್ಕೊಳ್ಳಮ್ಮ. ಆ ಕಾಂಪ್ಲೆಕ್ಸೂ ನಮ್ಮ ಕೆಲಸಾನೇ. ನಿನಗೆ ಹೇಳಬೇಕಿತ್ತು. ಹೇಳಿದ್ರೆ ಮೇಡದ ಕೆಲಸ ನೀನು ಇಷ್ಟು ಮನಸಿಟ್ಟು ಮಾಡ್ತಿರಲಿಲ್ಲ."

"ಹಂಗಾರ ನನ್ನ ಯಾಕ ಕಳಿಸಿದ್ರಿ?"

"ಆ ಬಾಡಿಗೆ ಮಂದಿಗೆ ನಂಬಿಕೆ ಬರಬೇಕಿತ್ತು. ನೋಡಮ್ಮ, ಟ್ರಸ್ಟಿನವರು ಆ ಜಾಗಾನೂ ಕಾಂಪ್ಲೆಕ್ಸಿಗೆ ಸೇರಿಸೋಕೆ ಒಪ್ಪಿ ಬಹಳ ದಿನ ಆಯ್ತು. ಆ ಮೇಡ ಕಟ್ಟೋ ಮುಂಚೆ ಅಲ್ಲಿ ಏನಿತ್ತೋ, ಅದನ್ನ ಕೆಡವಿದಾಗ ಯಾರೂ ಅಳಲಿಲ್ಲ. ಊರು ಬೆಳೀಬೇಕಲ್ಲ?"

"ಊರು ಬೆಳದದ್ದ ಆ ಮೇಡದಿಂದ್ರಿ, ಸರ್."

"ಬೆಳೆಸ್ತು. ಅದರ ಕೆಲಸ ಆಯ್ತು." ಮೇಜಿನ ಮೇಲೆ ಟೈಪು ಮಾಡಿಟ್ಟ ಹಾಳೆಯನ್ನು ನನ್ನ ಕಡೆ ಸರಿಸಿದರು. ವಯಸ್ಸಿನಿಂದಾಗಿ ಕಟ್ಟಡ ಶಿಥಿಲವಾಗಿದೆ, ವಾಸಕ್ಕೆ ಯೋಗ್ಯವಲ್ಲ ಎಂಬ ಪ್ರಮಾಣಪತ್ರ. "ಸಹಿ ಮಾಡು. ಕಾಂಪ್ಲೆಕ್ಸಿನ ಸೈಟು ಪೂರ್ತಿ ನೀನೇ ನೋಡಿಕೋ. ಈ ಊರಾಗೆ ಯಾವ ಹೆಣ್ಣುಮಗಳಿಗೂ ಅಂಥ ಕೆಲಸ ಸಿಕ್ಕಿಲ್ಲ."

ಸಹಿ ಮಾಡಲಿಲ್ಲ. ಯೋಚಿಸಲು ಸಮಯ ಕೊಡಿ ಎಂದೂ ಕೇಳಲಿಲ್ಲ. ಎದ್ದು ನೇರ ಮುನ್ಸಿಪಲ್ ಕಚೇರಿಗೆ ಹೋದೆ. ಅಲ್ಲಿನ ಅಧಿಕಾರಿ ನನ್ನ ಮಾತನ್ನು ಗೌರವದಿಂದ ಕೇಳಿ, ಯಾವ ಕಚೇರಿಯಿಂದ ಬಂದಿದ್ದೀರಿ ಎಂದರು. ಹೇಳಿದೆ. "ಹಾಗಾದರೆ ನಿಮ್ಮ ಸಾರೇ ಒಂದು ಮಾತು ಹೇಳಲಿ ಅಂಡಿ, ತಕ್ಷಣ ಬರುತ್ತೇವೆ" ಎಂದು ಟೀ ತರಿಸಿದರು. ಟ್ರಸ್ಟಿನ ಹಿರಿಯರು ಮನೆಯಲ್ಲಿದ್ದೂ ಇಲ್ಲ ಎಂದು ಹೇಳಿಸಿದರು.

ಅಲ್ಲಿಂದ ಪೆದ್ದಮೇಡಕ್ಕೆ ಬಂದೆ. ಪಂಪಿನ ಮಾತನ್ನು ಎಲ್ಲರಿಗೂ ಹೇಳಿ, ಯಾರೂ ಜಾಗ ಬಿಡಬೇಡಿ, ಒಟ್ಟಾಗಿ ನಿಂತರೆ ತಡೆಯಬಹುದು ಎನ್ನಬೇಕೆಂದು ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡಿದ್ದೆ. ಹೇಳುವ ಮುಂಚೆ ಅಭ್ಯಾಸಬಲದಿಂದ ತಾರಸಿಗೆ ಹೋಗಿ ಗುಂಡು ಇಳಿಬಿಟ್ಟೆ. ಹಿಂಗೋಡೆ ಹೊರಕ್ಕೆ ವಾಲಿದ್ದು ಬರಿಗಣ್ಣಿಗೇ ಕಾಣುವಷ್ಟಾಗಿತ್ತು. ಕೆಳಗಿಳಿದು ವಿಮೆ ಕಚೇರಿಯ ಹಿಂದಿನ ಕೋಣೆಯಲ್ಲಿ ಏಣಿ ಹತ್ತಿ ತೊಲೆಗಳ ತುದಿ ನೋಡಿದೆ. ಗೋಡೆಯೊಳಗೆ ಒಂದು ಗೇಣು ಕೂತಿರಬೇಕಾದ ತೇಗದ ತೊಲೆ ಬಹುಪಾಲು ಆಚೆ ಬಂದಿತ್ತು. ಅದು ಕೂತಿದ್ದ ಜಾಗದಲ್ಲಿ, ಅಷ್ಟು ಕಾಲ ಬೆಳಕು ಕಾಣದ ಮರದ ಮೇಲೆ, ತಾಜಾ ಬಣ್ಣದ ಪಟ್ಟೆ ಕಾಣುತ್ತಿತ್ತು. ತೊಲೆ ಇನ್ನೊಂದಿಷ್ಟು ಜಾರಿದರೆ ತಾರಸಿ ಕೆಳಗಿನವರ ತಲೆ ಮೇಲೆ.

ಏಣಿಯ ಮೇಲೇ ನಿಂತಿದ್ದೆ. ಸಾರ್ ಬರೆಸಿದ ಹಾಳೆಯಲ್ಲಿ ಕಾರಣ ಸುಳ್ಳು, ಫಲಿತಾಂಶ ಈಗ ನಿಜ. ಪಂಪು ಇವತ್ತೇ ನಿಂತರೂ ಈ ತೊಲೆ ತಾನಾಗಿ ಒಳಗೆ ಹೋಗುವುದಿಲ್ಲ. ಆಸರೆ ಕೊಟ್ಟು ನಿಲ್ಲಿಸಲು ಬೇಕಾದ ಮರ, ಜನ, ಅಧಿಕಾರ ಯಾವುದೂ ನನ್ನ ಕೈಯಲ್ಲಿಲ್ಲ. ಜನರನ್ನು ಇಲ್ಲೇ ಇರಿ ಎಂದರೆ ನಾನು ಗೆಲ್ಲಬಹುದು, ಅವರು ಸಾಯಬಹುದು. ಹೊರಡಿ ಎಂದರೆ ಸಾರ್ ಗೆದ್ದರು. ನನಗೆ ಮೋಸ ಮಾಡಿದವರ ಕೆಲಸವನ್ನೇ ನನ್ನ ಬಾಯಿಂದ ಮಾಡಬೇಕಾಗಿ ಬಂದದ್ದು ನನ್ನ ವಿದ್ಯೆ ನನಗೆ ಕೊಟ್ಟ ಶಿಕ್ಷೆ ಅನ್ನಿಸಿತು. ಇಳಿದು ಬಂದು ಮೊದಲ ಕೋಣೆಯಿಂದ ಶುರುಮಾಡಿದೆ.

ಪ್ರತಿ ಕೋಣೆಯಲ್ಲೂ ಎರಡೂ ಮಾತು ಹೇಳಿದೆ. ಕಟ್ಟಡ ಇನ್ನು ನಿಲ್ಲುವುದಿಲ್ಲ, ಈ ವಾರವೇ ಬಿಡಿ. ಇದು ವಯಸ್ಸಿನಿಂದ ಆದದ್ದಲ್ಲ, ನೀರೆಳೆದು ಮಾಡಿದ್ದು, ಮಾಡಿಸಿದವರು ನಮ್ಮ ಸಾರ್. ಯಾರೂ ಕೂಗಾಡಲಿಲ್ಲ. ಸೀರೆ ವ್ಯಾಪಾರಿ ತಲೆ ತಗ್ಗಿಸಿ ಕೇಳಿದರು. ವಕೀಲರು ಕಿಟಕಿಯಾಚೆ ನೋಡಿದರು. ಆಘಾತಕ್ಕೆ ಮಾತು ಬರುತ್ತಿಲ್ಲ ಎಂದುಕೊಂಡೆ.

ಪಂತುಲಮ್ಮಗಾರು ಮಾತ್ರ ಕೇಳಿದರು. "ಹಾಗಾದರೆ ನಿಮ್ಮ ಸಾರ್ ಹೇಳಿದ್ದೇ ನಿಜವಾಯಿತಲ್ಲ ಅಮ್ಮಾಯಿ."

"ನಿಜ ಆಗಲಿಲ್ಲ ಅಂಡಿ. ನಿಜ ಮಾಡಿದರು."

ಅವರು ಹತ್ತಿರದ ಮೆಷಿನ್ನಿನ ಮೇಲಿದ್ದ ಬಟ್ಟೆಯನ್ನು ಎಳೆದು ಸರಿಮಾಡಿದರು.

ಕಚೇರಿಗೆ ರಾಜೀನಾಮೆ ಕೊಟ್ಟೆ. ವಾರವಿಡೀ ಮೆಟ್ಟಿಲ ಬಳಿ ನಿಂತು, ಹಿಂಭಾಗದ ಕೋಣೆಗಳಿಗೆ ಒಬ್ಬೊಬ್ಬರನ್ನೇ ಬಿಟ್ಟು ಸಾಮಾನು ಕೆಳಗಿಳಿಸಿದೆ. ಬೀರು, ಮೇಜು, ಸಿನಿಮಾ ರೀಲಿನ ಡಬ್ಬಗಳು, ಕೊನೆಗೆ ಟೈಪ್‌ರೈಟರುಗಳು. ಪ್ರತಿ ಮೆಷಿನ್ನನ್ನೂ ಕೂಸಿನಂತೆ ತಬ್ಬಿಕೊಂಡು ಹಳೆಯ ವಿದ್ಯಾರ್ಥಿಗಳು ಇಳಿಸಿದರು. ಅವರಲ್ಲಿ ಕೆಲವರು ಆಗಲೇ ನಿವೃತ್ತರಾದ ಗುಮಾಸ್ತರು.

ಕಟ್ಟಡ ಖಾಲಿಯಾದ ಮೇಲೆ ಬಂದ ಒಂದು ರಜೆಯ ದಿನ ಬೆಳಿಗ್ಗೆ ಹಿಂಗೋಡೆಯ ಮೂಲೆ ಮೂರಂತಸ್ತಿನಷ್ಟೂ ಕುಸಿಯಿತು. ಒಬ್ಬರಿಗೂ ಗಾಯವಾಗಲಿಲ್ಲ. ಉಳಿದದ್ದನ್ನು ಅಪಾಯವೆಂದು ಟ್ರಸ್ಟಿನವರೇ ಕೆಡವಿದರು. ನಾನು ನೋಡಲು ಹೋಗಲಿಲ್ಲ.

ಕೆಲವು ತಿಂಗಳಾದ ಮೇಲೆ ಬಾಡಿಗೆದಾರರ ಸಂಘದವರು ಒಂದು ಕಲ್ಯಾಣಮಂಟಪದಲ್ಲಿ ಸನ್ಮಾನ ಇಟ್ಟುಕೊಂಡರು. ಪಂತುಲಮ್ಮಗಾರು ಬಾ ಎಂದು ಕರೆದದ್ದಕ್ಕೆ ಹೋದೆ. ವೇದಿಕೆಯ ಮೇಲೆ ಸಾರ್ ಇದ್ದರು. ಶಾಲು ಹೊದಿಸಿದ ಮೇಲೆ ಮೈಕು ಹಿಡಿದು, "ಸಮಯಕ್ಕೆ ಸರಿಯಾಗಿ ಎಚ್ಚರಿಸಿ ಇಷ್ಟು ಜನರ ಪ್ರಾಣ ಉಳಿಸಿದ್ದು ನಮ್ಮ ಕಚೇರಿಯ ಪುಣ್ಯ. ಕೋಣೆ ಕೋಣೆಗೆ ಹೋಗಿ ಹೇಳಿದವಳು ನನ್ನ ಶಿಷ್ಯೆ, ಮಗಳಿದ್ದ ಹಾಗೆ" ಎಂದು ತೆಲುಗಿನಲ್ಲಿ ಹೇಳಿ, ನನ್ನನ್ನು ಹುಡುಕಿ ಕೈ ತೋರಿಸಿದರು. ಜನ ತಿರುಗಿ ನೋಡಿ ಚಪ್ಪಾಳೆ ತಟ್ಟಿದರು.

ಎದ್ದು ನಿಂತೆ. ಮೈಕು ಬೇಕಾಗಲಿಲ್ಲ. "ಕಟ್ಟಡ ಬೀಳಿಸಿದ ಪಂಪನ್ನು ಓಡಿಸಲು ಹೇಳಿದ್ದೂ ಇವರೇ. ನಿಮಗೆಲ್ಲ ಅವತ್ತೇ ಹೇಳಿದ್ದೇನೆ" ಎಂದೆ.

ಸಾರ್ ಮುಖದಲ್ಲಿ ಬೇಸರವಿತ್ತು, ನಾಚಿಕೆ ಕಾಣಲಿಲ್ಲ. ಆಮೇಲೆ ಸಂಘದ ಕಾರ್ಯದರ್ಶಿ ಅಡುಗೆಯವರ ಕಡೆ ತಿರುಗಿ ಟಿಫಿನ್ ಬಡಿಸಬಹುದು ಎಂದರು. ಕುರ್ಚಿಗಳು ಸರಿದವು.

ಹೊರಗೆ ಬಂದಾಗ ಪಂತುಲಮ್ಮಗಾರು ಹಿಂದೆಯೇ ಬಂದರು. ರಸ್ತೆಯ ಬದಿ ಸ್ವಲ್ಪ ದೂರ ಇಬ್ಬರೂ ನಡೆದೆವು.

"ಅಮ್ಮಾಯಿ, ಅವರಿಗೆ ಹೇಳಿ ಏನು ಉಪಯೋಗ? ಎಲ್ಲರಿಗೂ ಗೊತ್ತಿತ್ತು" ಎಂದರು.

"ನಾನು ಹೇಳಿದ್ದೆನಲ್ಲ."

"ನೀನು ಹೇಳುವ ಮುಂಚೆಯೇ. ನಿಮ್ಮ ಸಾರ್ ಒಬ್ಬೊಬ್ಬರನ್ನೇ ಕರೆದು ಮಾತಾಡಿದ್ದರು. ನಾವಾಗಿ ಬಿಟ್ಟುಹೋದರೆ ನಮ್ಮ ಹಕ್ಕು ಹೋಗುತ್ತೆ. ಇಂಜಿನಿಯರ್ ಬಿಡಿ ಅಂದ ಮೇಲೆ ಬಿಟ್ಟರೆ ಹೊಸದರಲ್ಲಿ ಜಾಗ ಕೊಡ್ತೀವಿ ಅಂದರು. ಅದೂ ನಿನ್ನ ಬಾಯಿಂದ ಬಂದರೆ ಯಾರೂ ಪ್ರಶ್ನೆ ಮಾಡಲ್ಲ ಅಂತ."

ನಾನು ನಿಂತೆ. "ನಿಮಗೂ ಹೇಳಿದ್ದರಾ?"

"ಭಾನುವಾರವೂ ನನ್ನ ಕ್ಲಾಸ್ ಇರುತ್ತಿತ್ತಲ್ಲ. ಹಿಂದಿನ ಕಿಟಕಿಗೆ ಪಂಪಿನ ಸದ್ದು ಕೇಳುತ್ತಿತ್ತು. ಮೂಲೆಯ ಕೋಣೆ ಕೊಡ್ತೀನಿ ಅಂದಿದಾರೆ. ನಿನಗೆ ಹೇಳಬೇಕು ಅಂತ ಎಷ್ಟೋ ಸಲ ಅನ್ನಿಸಿತು. ಈ ವಯಸ್ಸಿನಲ್ಲಿ ಮೆಷಿನ್ನುಗಳನ್ನ ಇಟ್ಟುಕೊಂಡು ನಾನು ಎಲ್ಲಿಗೆ ಹೋಗಲಿ, ಹೇಳು."

ಸೈಕಲ್ ರಿಕ್ಷಾ ಒಂದನ್ನು ಕರೆದು, ಅವರ ಮೊಣಕೈ ಹಿಡಿದು ಹತ್ತಿಸಿದೆ. ಅವರು ಸೀರೆ ಒತ್ತಿಕೊಂಡು ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿದರು.

ನನ್ನ ದಾರಿ ಬೇರೆ, ನೀವು ಹೊರಡಿ ಎಂದೆ. ರಿಕ್ಷಾ ಹೋಯಿತು. ನಮ್ಮ ಮನೆಯೂ ಅದೇ ದಾರಿಯಲ್ಲಿತ್ತು.